ಪರದೇಶದಿಂದ ಮಂಗಳೂರಿಗೆ ಬಂದವರು ಫ್ಲೂ ಇಂಜೆಕ್ಷನ್‌ಗೆ ಅಕ್ಟೋಬರ್‌ವರೆಗೆ ಕಾಯಬೇಡಿ

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಹತ್ತಾರು ವರ್ಷ ಇದ್ದು ಈಗ ಮಂಗಳೂರಲ್ಲಿ ಮನೆ ಮಾಡಿದವರು ನಮ್ಮ ಕಡೆ ಜಾಸ್ತಿಯಾಗುತ್ತಿದ್ದಾರೆ. ಸೆಪ್ಟೆಂಬರ್ ಮುಗಿಯುತ್ತಿದ್ದ ಹಾಗೆ ಅವರದು ಒಂದೇ ಪ್ರಶ್ನೆ: ಫ್ಲೂ ಶಾಟ್ ಇಲ್ಲಿ ಎಲ್ಲಿ ಕೊಡುತ್ತಾರೆ? ಅಷ್ಟರಲ್ಲಿ ಇಲ್ಲಿನ ಮಳೆಗಾಲ ಹೆಚ್ಚುಕಮ್ಮಿ ಮುಗಿದೇ ಹೋಗಿರುತ್ತದೆ.

ಅಲ್ಲಿ ಫ್ಲೂ ಚಳಿಗಾಲದ ಕಾಯಿಲೆ. ನಮಗೆ ಚಳಿಗಾಲ ಎಲ್ಲಿದೆ ಮಾರಾಯ್ರೆ? ಭಾರತದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ತಲೆ ಎತ್ತುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದ ಹೊತ್ತಿಗೆ ಇನ್ನೊಮ್ಮೆ. ಜೂನ್‌ನಲ್ಲಿ ಮಳೆ ಹಿಡಿದರೆ ಸಿಟಿ ಬಸ್ಸಿನ ಶಟರ್ ಎಲ್ಲ ಕೆಳಗೆ, ಒಳಗೆ ಒಬ್ಬರ ಕೆಮ್ಮು ಎಲ್ಲರಿಗೂ. ಇಂಜೆಕ್ಷನ್ ತೆಗೆದುಕೊಂಡ ಮೇಲೆ ಮೈ ಸಿದ್ಧವಾಗಲು ಎರಡು ವಾರ ಬೇಕು. ಹಾಗಾಗಿ ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ ಮುಗಿಸಿಬಿಡಿ. ತಪ್ಪಿಹೋದರೆ ಜೂನ್, ಜುಲೈಯಲ್ಲಾದರೂ ತೆಗೆದುಕೊಳ್ಳಿ, ವ್ಯರ್ಥವೇನಲ್ಲ.

ಲಸಿಕೆಯ ಡಬ್ಬದ ಮೇಲೆ ಒಮ್ಮೆ ಕಣ್ಣಾಡಿಸಿ. ಯಾವ ವೈರಸ್ ತಳಿ ಹಾಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಹೇಳುತ್ತದೆ. ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ನಾವಿರುವುದು ಉತ್ತರದಲ್ಲೇ. ಆದರೂ ಮೇ ತಿಂಗಳಲ್ಲಿ ಆ ವರ್ಷದ ದಕ್ಷಿಣದ ಲಸಿಕೆ ಸಿಕ್ಕಿದರೆ ಅದೇ ಹೊಸತು. ಹಿಂದಿನ ವರ್ಷದ ಉತ್ತರದ ಸ್ಟಾಕ್ ಫ್ರಿಜ್‌ನಲ್ಲಿ ಉಳಿದಿರಬಹುದು. ಯಾವುದು ಅಂತ ಕೇಳಿ, ಎಕ್ಸ್‌ಪೈರಿ ತಾರೀಕೂ ನೋಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ಜಾಗ. ಸರಕಾರದ ಉಚಿತ ಲಸಿಕೆ ಪಟ್ಟಿಯಲ್ಲಿ ಫ್ಲೂ ಇಲ್ಲ. ಆದ್ದರಿಂದ ಇದಕ್ಕಾಗಿ ಮಂಗಳೂರಿನ ಸರಕಾರಿ ವೆನ್‌ಲಾಕ್‌ನಲ್ಲೋ ಉಡುಪಿಯ ಅಜ್ಜರಕಾಡು ಆಸ್ಪತ್ರೆಯಲ್ಲೋ ಸುಮ್ನೆ ಸಾಲು ನಿಲ್ಲಬೇಡಿ. ಖಾಸಗಿಯಲ್ಲಿ ನಮಗೆ ಬರವಿಲ್ಲ. ಕೆಎಂಸಿ, ಕಂಕನಾಡಿಯ ಫಾದರ್ ಮುಲ್ಲರ್, ಕುಂಟಿಕಾನದ ಎ.ಜೆ., ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು, ಆ ಕಡೆಯವರಿಗೆ ಮಣಿಪಾಲ. ಆದರೆ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕೆಂದಿಲ್ಲ. ನಿಮ್ಮ ರಸ್ತೆಯ ಮಕ್ಕಳ ಡಾಕ್ಟರ ಫ್ರಿಜ್‌ನಲ್ಲೇ ಇದು ಇರುವ ಸಾಧ್ಯತೆ ಜಾಸ್ತಿ. ಗೋಡೆ ತುಂಬ ಕಾರ್ಟೂನ್, ಪಕ್ಕದಲ್ಲಿ ರಚ್ಚೆ ಹಿಡಿದ ಮಗು, ನಡುವೆ ಅರವತ್ತು ದಾಟಿದ ನೀವು ಅಂಗಿ ತೋಳು ಮಡಚಿ ಕೂತಿರುತ್ತೀರಿ. ನಾಚಿಕೆ ಬೇಡ. ಮೊದಲು ಫೋನ್ ಮಾಡಿ, ದೊಡ್ಡವರಿಗೂ ಕೊಡುತ್ತೀರಾ, ಸ್ಟಾಕ್ ಇದೆಯಾ ಎಂದು ಕೇಳಿ ಹೋಗಿ. ರೇಟು ಸಾಮಾನ್ಯವಾಗಿ ಸಾವಿರದ ಮೇಲೆಯೇ, ಜೊತೆಗೆ ಡಾಕ್ಟರ ಫೀಸು.

ಅಲ್ಲಿಯ ಹಾಗೆ ಮೆಡಿಕಲ್ ಶಾಪಿನವರು ಇಲ್ಲಿ ಚುಚ್ಚುವುದಿಲ್ಲ. ಕೆಲವು ಕ್ಲಿನಿಕ್‌ಗಳಲ್ಲಿ ಚೀಟಿ ಕೊಟ್ಟು ನೀವೇ ತನ್ನಿ ಎನ್ನುತ್ತಾರೆ. ನನಗೆ ಇದು ಅಷ್ಟು ಇಷ್ಟವಿಲ್ಲ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು, ಹೆಪ್ಪುಗಟ್ಟಲೂ ಬಾರದು. ಮೇ ತಿಂಗಳ ಬಿಸಿಲಿನಲ್ಲಿ ಸ್ಕೂಟರ್ ಡಿಕ್ಕಿಯಲ್ಲಿಟ್ಟು ಪಂಪ್‌ವೆಲ್ ಟ್ರಾಫಿಕ್‌ನಲ್ಲಿ ನಿಂತರೆ ದುಡ್ಡು ನೀರಲ್ಲಿ. ತರಲೇಬೇಕಾದರೆ ಐಸ್ ಪ್ಯಾಕ್ ಕೇಳಿ, ಮನೆಗೆ ಹೋಗದೆ ನೇರ ಕ್ಲಿನಿಕ್‌ಗೆ ಹೋಗಿ.

ಆರು ತಿಂಗಳು ದಾಟಿದ ಮಗುವಿನಿಂದ ಹಿಡಿದು ಹೆಚ್ಚುಕಮ್ಮಿ ಎಲ್ಲರಿಗೂ ಕೊಡಬಹುದು. ಒಂಬತ್ತು ವರ್ಷ ತುಂಬದ ಮಕ್ಕಳಿಗೆ ಮೊದಲ ಸಲವಾದರೆ ನಾಲ್ಕು ವಾರ ಬಿಟ್ಟು ಎರಡನೆಯದೂ ಬೇಕು. ಉಡುಪಿ ಕಡೆಯ ಹಿರಿಯರು ಒಂದು ಪ್ರಶ್ನೆ ಕೇಳುತ್ತಾರೆ, ಇದರಲ್ಲಿ ಮೊಟ್ಟೆ ಇದೆಯಾ ಅಂತ. ಹೆಚ್ಚಿನ ಫ್ಲೂ ಲಸಿಕೆಯ ವೈರಸ್ ಬೆಳೆಸುವುದು ಕೋಳಿ ಮೊಟ್ಟೆಯಲ್ಲೇ. ಮುಚ್ಚಿಡಬೇಡಿ, ಹೇಳಿಬಿಡಿ, ತೀರ್ಮಾನ ಅವರದು. ತುಳುನಾಡಿನ ಆಟಿ ಅಮಾವಾಸ್ಯೆಯಂದು ಪಾಲೆ ಮರದ ತೊಗಟೆಯ ಕಷಾಯ ಕುಡಿದವರಿಗೆ ಇಂಜೆಕ್ಷನ್ ಯಾಕೆ ಎನ್ನುವವರೂ ಇದ್ದಾರೆ. ಮರ ಗುರುತು ಇದ್ದವರು ತಂದ ತೊಗಟೆಯಾದರೆ ಕಷಾಯ ನಾನೂ ಕುಡಿಯುತ್ತೇನೆ. ಫ್ಲೂ ಅದಕ್ಕೆ ಹೆದರುವುದಿಲ್ಲ.

ಕೋವಿಡ್ ಕತೆ ಬೇರೆ. 2021ರ ಜನವರಿ 16ರಂದು ಶುರುವಾದ ಆ ದೊಡ್ಡ ಅಭಿಯಾನದ ಗದ್ದಲ ಈಗಿಲ್ಲ. ಪ್ರತಿ ವರ್ಷ ಹೊಸ ತಳಿಯ ಕೋವಿಡ್ ಡೋಸ್ ತೆಗೆದುಕೊಂಡು ಅಭ್ಯಾಸ ಇದ್ದವರು ವಿಮಾನ ಹತ್ತುವ ಮೊದಲು ಅಲ್ಲೇ ತೆಗೆದುಕೊಂಡು ಬನ್ನಿ. ಫೈಜರ್ ಇಲ್ಲಿ ಹುಡುಕಬೇಡಿ. ವಯಸ್ಸಾದ ಅಪ್ಪ ಅಮ್ಮನಿಗೆ ಇನ್ನೊಂದು ಡೋಸ್ ಬೇಕಾ ಎಂಬುದನ್ನು ಅವರ ಶುಗರ್, ಬಿಪಿ ನೋಡುವ ಡಾಕ್ಟರನ್ನೇ ಕೇಳಿ. ಅಲ್ಲಿಯ ಲಸಿಕೆ ಕಾರ್ಡಿನ ಫೋಟೋ ಮೊಬೈಲಲ್ಲಿ ಇರಲಿ. ಇಲ್ಲಿ ಹಿಂದೆ ಡೋಸ್ ಪಡೆದಿದ್ದರೆ ಕೋವಿನ್ ಸರ್ಟಿಫಿಕೇಟೂ ಅದರ ಜೊತೆಗಿರಲಿ.

ಸೂಜಿ ಚುಚ್ಚಿದ ಮೇಲೆ ಕಾಲು ಗಂಟೆ ಅಲ್ಲೇ ಕೂತಿರಿ. ಹೆಚ್ಚಿನವರಿಗೆ ತೋಳು ಒಂದೆರಡು ದಿನ ನೋಯುತ್ತದೆ, ಅಷ್ಟೇ. ಆಮೇಲೆ ಜುಲೈಯಲ್ಲಿ ಚಳಿ ಜ್ವರ ಬಂದರೆ ಮಾತ್ರ, ಇಂಜೆಕ್ಷನ್ ಆಗಿದೆಯಲ್ವಾ ಎಂದು ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ನಮ್ಮೂರಲ್ಲಿ ಮಲೇರಿಯಾ, ಡೆಂಗಿ, ಇಲಿಜ್ವರ ಮೂರೂ ಉಂಟು, ಫ್ಲೂ ಲಸಿಕೆ ಇವುಗಳಲ್ಲಿ ಒಂದನ್ನೂ ತಡೆಯುವುದಿಲ್ಲ. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಇದಕ್ಕೆ ಧಾರಾಳವಾಗಿ ವೆನ್‌ಲಾಕ್‌ಗೆ ಹೋಗಿ. ಸರಕಾರಿ ಆಸ್ಪತ್ರೆಯಲ್ಲಿ ಮಲೇರಿಯಾ ಪರೀಕ್ಷೆಯೂ ಮಾತ್ರೆಯೂ ಉಚಿತ.