ಅರ್ಧ ಟ್ಯಾಂಕಿಗೆ ನಿಲ್ಲುತ್ತಿದ್ದ ಪಿಕಪ್: ಡೀಸೆಲ್ ಲೈನಿನಲ್ಲಿ ಗಾಳಿ ಹುಡುಕಿದ ನನ್ನ ಅನುಭವ

ಮೊದಲು ಶುರುವಾಗಿದ್ದು ದಿಬ್ಬ ಹತ್ತುವಾಗ. ಲೋಡು ಇದ್ದರೆ ಮೂರನೇ ಗೇರಿನಲ್ಲಿ ಗಾಡಿ ಮಿಸ್ಸಿಂಗ್ ಹೊಡೆಯುತ್ತಿತ್ತು. ಎಕ್ಸಲೇಟರ್ ಪೂರ್ತಿ ಒತ್ತಿದರೂ ಎಳೆತವೇ ಇಲ್ಲ. ಸಮತಟ್ಟು ರಸ್ತೆಗೆ ಬಂದರೆ ಮತ್ತೆ ಸರಿಹೋಗುತ್ತಿತ್ತು. ಆಮೇಲೆ ಬೆಳಿಗ್ಗೆ ಸ್ಟಾರ್ಟ್ ಆಗುವುದಕ್ಕೂ ತಕರಾರು. ಐದಾರು ಸಲ ಸೆಲ್ಫ್ ಹೊಡೆಯಬೇಕು, ಒಮ್ಮೆ ಹಿಡಿದು ಮತ್ತೆ ಆಫ್, ಆಮೇಲೆ ಬಿಳಿ ಹೊಗೆ ಬಿಟ್ಟುಕೊಂಡು ಸ್ಟಾರ್ಟ್ ಆಗುತ್ತಿತ್ತು.

ನನ್ನದು ಹಳೇ ಡೀಸೆಲ್ ಪಿಕಪ್. ಸೆನ್ಸರ್, ಕಂಪ್ಯೂಟರ್ ಏನೂ ಇಲ್ಲ. ತೊಂದರೆ ಎಲ್ಲಿದೆ ಎಂದು ತೋರಿಸುವ ಲೈಟೂ ಇಲ್ಲ. ಟ್ಯಾಂಕಿನಿಂದ ಫಿಲ್ಟರ್, ಫಿಲ್ಟರಿನಿಂದ ಡೀಸೆಲ್ ಪಂಪ್, ಅಲ್ಲಿಂದ ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ನಾಝಲ್. ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ಕೆಟ್ಟಿದೆ, ಅಷ್ಟೇ.

ಎಲ್ಲರಂತೆ ನಾನೂ ಮೊದಲು ಫಿಲ್ಟರ್ ಬದಲಾಯಿಸಿದೆ. ಹಳೇ ಫಿಲ್ಟರಿನ ತಳದಲ್ಲಿ ಸ್ವಲ್ಪ ನೀರು ಇತ್ತು, ಹಾಗಾಗಿ ಇದೇ ಕಾರಣ ಅಂದುಕೊಂಡೆ. ಟ್ಯಾಂಕು ತುಂಬಿಸಿ ಓಡಿಸಿದೆ. ನಾಲ್ಕು ದಿನ ಚೆನ್ನಾಗಿಯೇ ಓಡಿತು. ಐದನೇ ದಿನ ಮತ್ತೆ ಅದೇ ಕಥೆ. ಟ್ಯಾಂಕು ತುಂಬಿಸಿದ ಮಾತು ನೆನಪಿರಲಿ, ಮುಂದೆ ಬರುತ್ತದೆ.

ಗಾಡಿ ನೋಡಿದ ಒಬ್ಬ ಮೆಕ್ಯಾನಿಕ್ "ಪಂಪ್ ಹೋಗಿದೆ ಸಾರ್, ಬಿಚ್ಚಿ ಕಳಿಸೋಣ" ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಪಂಪ್ ಸವೆದಿದ್ದರೆ ದಿನಾ ಒಂದೇ ರೀತಿ ಕಾಡಬೇಕು. ನಾಲ್ಕು ದಿನ ಸುಮ್ಮನಿದ್ದು ಐದನೇ ದಿನ ಯಾಕೆ ಕೆಡುತ್ತದೆ, ಅಲ್ವಾ? ಪಂಪ್ ಬಿಚ್ಚುವುದು ದೊಡ್ಡ ಕೆಲಸ. ಮತ್ತೆ ಕೂರಿಸುವಾಗ ಟೈಮಿಂಗ್ (ಡೀಸೆಲ್ ಚಿಮ್ಮಬೇಕಾದ ಸರಿಯಾದ ಹೊತ್ತು) ತಪ್ಪಿದರೆ ಇಲ್ಲದ ತೊಂದರೆ ಶುರು. ಅದಕ್ಕೆ ಕೈ ಹಾಕುವ ಮೊದಲು ಅದಕ್ಕೆ ಡೀಸೆಲ್ ಸರಿಯಾಗಿ ಬರುತ್ತಿದೆಯಾ ಎಂದು ನೋಡಲೇಬೇಕು ಅನ್ನಿಸಿತು.

ಫಿಲ್ಟರ್ ಮೇಲಿನ ಹ್ಯಾಂಡ್ ಪಂಪ್ ಒತ್ತಿ ನೋಡಿದೆ. ಲೈನಿನಲ್ಲಿ ಡೀಸೆಲ್ ತುಂಬಿದ್ದರೆ ಅದು ನಾಲ್ಕೈದು ಸಲಕ್ಕೆ ಗಟ್ಟಿಯಾಗಬೇಕು. ನನ್ನದು ಇಪ್ಪತ್ತು ಸಲ ಒತ್ತಿದರೂ ಮೆತ್ತಗೇ ಇತ್ತು. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲ ಮಾಡಿದರೆ ಬುರುಬುರು ನೊರೆ. ಏರ್ ಹಿಡಿದಿರುವುದು ಖಚಿತವಾಯಿತು.

ಆದರೆ ಗಾಡಿಯ ಕೆಳಗೆ ಒಂದು ಹನಿ ಡೀಸೆಲ್ ಸೋರಿಲ್ಲ. ಪೈಪುಗಳೆಲ್ಲ ಒಣ ಒಣ. ಇಲ್ಲೇ ಜಾಸ್ತಿ ಜನ ದಾರಿ ತಪ್ಪುತ್ತಾರೆ. ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲ್ ಬರುವುದು ಎಳೆತದಿಂದ, ಒತ್ತಡದಿಂದ ಅಲ್ಲ. ಆ ಭಾಗದಲ್ಲಿ ತೂತು ಬಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಇಂಜಿನ್ ಆಫ್ ಮಾಡಿದ ಮೇಲೆ ಅದೇ ತೂತಿನಿಂದ ಗಾಳಿ ನುಗ್ಗಿ, ಲೈನಿನ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗದಿರುವುದು ಅದಕ್ಕೇ.

ಗಾಳಿಯನ್ನು ಕಣ್ಣಿನಿಂದಲೇ ನೋಡಬೇಕೆಂದು ಫಿಲ್ಟರ್ ಮತ್ತು ಪಂಪಿನ ನಡುವೆ ಒಂದು ಗೇಣು ಉದ್ದದ, ಒಳಗೆ ಕಾಣುವ ಪ್ಲಾಸ್ಟಿಕ್ ಪೈಪು ಹಾಕಿ ಕ್ಲಿಪ್ ಬಿಗಿದೆ. ಇಂಜಿನ್ ಐಡಲ್‌ನಲ್ಲಿದ್ದಾಗ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದವು. ರೇಸ್ ಕೊಟ್ಟರೆ ಉದ್ದುದ್ದ ಗಾಳಿಯ ತುಂಡುಗಳು.

ಮುಂದೆ ಲೈನನ್ನು ಎರಡು ಭಾಗ ಮಾಡಿದೆ. ಟ್ಯಾಂಕಿನಿಂದ ಬರುವ ಪೈಪನ್ನು ಫಿಲ್ಟರ್ ಹತ್ತಿರ ಬಿಚ್ಚಿ, ಶುಭ್ರವಾದ ಕ್ಯಾನಿನಿಂದ ನೇರವಾಗಿ ಡೀಸೆಲ್ ಕೊಟ್ಟೆ. ಮಿಕ್ಕ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಟ್ಟೆ. ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ಕ್ಯಾನನ್ನು ಬಿಸಿ ಭಾಗಗಳಿಂದ ದೂರ ಕಟ್ಟಿದ್ದೆ. ಇಪ್ಪತ್ತು ನಿಮಿಷ ರೇಸ್ ಮಾಡಿದರೂ ಒಂದು ಗುಳ್ಳೆಯೂ ಇಲ್ಲ. ಅಂದರೆ ಫಿಲ್ಟರ್, ಪಂಪ್, ನಾಝಲ್ ಎಲ್ಲ ಸರಿಯಾಗಿವೆ. ತೊಂದರೆ ಇರುವುದು ಫಿಲ್ಟರಿನಿಂದ ಹಿಂದಕ್ಕೆ. ಈ ಒಂದು ಪರೀಕ್ಷೆ ಪಂಪ್ ಬಿಚ್ಚುವುದನ್ನು ಉಳಿಸಿತು.

ಹಿಂದಿನ ರಬ್ಬರ್ ಪೈಪುಗಳನ್ನು ಮಡಚಿ ನೋಡಿದರೆ ಸಣ್ಣ ಬಿರುಕು ಕಂಡಿತು. ಎಲ್ಲವನ್ನೂ ಬದಲಾಯಿಸಿದೆ. ಕ್ಲಿಪ್, ತಾಮ್ರದ ವಾಷರ್ ಕೂಡ ಹೊಸದು. ಖುಷಿಯಲ್ಲಿ ಟ್ಯಾಂಕು ತುಂಬಿಸಿದೆ. ಗುಳ್ಳೆ ಮಾಯ! ನಾಲ್ಕನೇ ದಿನ ಡೀಸೆಲ್ ಮೀಟರಿನ ಮುಳ್ಳು ಅರ್ಧಕ್ಕಿಂತ ಕೆಳಗೆ ಇಳಿಯಿತು. ಪ್ಲಾಸ್ಟಿಕ್ ಪೈಪಿನಲ್ಲಿ ಗುಳ್ಳೆಗಳು ವಾಪಸ್ ಬಂದವು.

ಆಗ ಹೊಳೆಯಿತು. ಪ್ರತಿ ಸಲ ರಿಪೇರಿ ಆದ ಮೇಲೆ ನಾನು ಟ್ಯಾಂಕು ತುಂಬಿಸುತ್ತಿದ್ದೆ. ಗಾಡಿಯನ್ನು ಸರಿ ಮಾಡಿದ್ದು ರಿಪೇರಿಯಲ್ಲ, ತುಂಬಿದ ಟ್ಯಾಂಕು. ಮೊದಲು ಟ್ಯಾಂಕಿನ ಮುಚ್ಚಳದ ಗಾಳಿ ತೂತು ಕಟ್ಟಿದೆಯಾ ಎಂದು ನೋಡಿದೆ. ಮುಚ್ಚಳ ಸಡಿಲ ಬಿಟ್ಟು ಓಡಿಸಿದರೂ ವ್ಯತ್ಯಾಸ ಇಲ್ಲ. ಉಳಿದಿದ್ದು ಒಂದೇ, ಟ್ಯಾಂಕಿನ ಒಳಗಿನ ಡೀಸೆಲ್ ಎಳೆಯುವ ಕೊಳವೆ.

ಅದನ್ನು ಮೇಲಿನಿಂದ ಬಿಚ್ಚಿ ಹೊರತೆಗೆದೆ. ನೋಡಿದರೆ ಏನೂ ಕಾಣಲಿಲ್ಲ. ತುದಿಯ ಜಾಲರಿ ತೆಗೆದು, ಕೊಳವೆಯ ಆ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ, ಸೋಪಿನ ನೀರಿನಲ್ಲಿ ಮುಳುಗಿಸಿ ಸೈಕಲ್ ಪಂಪಿನಿಂದ ಗಾಳಿ ಕೊಟ್ಟೆ. ಬಾಯಿಂದ ಊದಬೇಡಿ, ಡೀಸೆಲ್ ಒಳಗೆ ಹೋಗುತ್ತದೆ. ಕೊಳವೆಯನ್ನು ಹಿಡಿದಿದ್ದ ತಗಡಿನ ಪಟ್ಟಿಯ ಅಡಿಯಿಂದ, ಸರಿಯಾಗಿ ಮಧ್ಯದಲ್ಲಿ, ಗುಳ್ಳೆ ಎದ್ದವು. ಪಟ್ಟಿ ಸರಿಸಿ ತುಕ್ಕು ಕೆರೆದೆ. ಸೂಜಿ ಮೊನೆಯಷ್ಟು ತೂತು. ಡೀಸೆಲ್ ಅದಕ್ಕಿಂತ ಮೇಲಿದ್ದರೆ ತೂತು ಎಳೆಯುವುದೂ ಡೀಸೆಲ್ಲನ್ನೇ, ತೊಂದರೆ ಇಲ್ಲ. ಮಟ್ಟ ಕೆಳಗಿಳಿದರೆ ಅದು ಗಾಳಿ ಎಳೆಯುತ್ತದೆ. ದಿಬ್ಬದಲ್ಲಿ ಇಂಜಿನ್ನಿಗೆ ಡೀಸೆಲ್ ಜಾಸ್ತಿ ಬೇಕು, ಅದಕ್ಕೇ ಅಲ್ಲಿ ಮೊದಲು ಗೊತ್ತಾಗುತ್ತಿತ್ತು.

ಅಂಟು ಮೆತ್ತಿ ಕೆಲಸ ಮುಗಿಸಲು ಮನಸ್ಸಾಗಲಿಲ್ಲ. ಕೊಳವೆಯನ್ನು ಪೂರ್ತಿ ತೊಳೆದು ಒಣಗಿಸಿ, ಗಾಡಿಯಿಂದ ದೂರ ಒಯ್ದು, ಅದೇ ಅಳತೆಯ ಹೊಸ ಉಕ್ಕಿನ ಕೊಳವೆ ಹಾಕಿ ಬ್ರೇಜಿಂಗ್ (ಲೋಹ ಕರಗಿಸಿ ಬೆಸೆಯುವುದು) ಮಾಡಿಸಿದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಟ್ಯಾಂಕಿನ ಹತ್ತಿರ ಬೆಂಕಿ ತರಲೇಬೇಡಿ, ಅದು ಖಾಲಿ ಇದ್ದರೂ. ಒಳಗಿನ ಆವಿ ಸಾಕು ಸಿಡಿಯಲು. ಇಂಜಿನ್ ಓಡುವಾಗ ನಾಝಲ್ ಪೈಪಿನ ಸೋರಿಕೆಯನ್ನು ಬೆರಳಿಂದ ಮುಟ್ಟಿ ನೋಡುವ ಅಭ್ಯಾಸವೂ ಬೇಡ. ಅಲ್ಲಿನ ಒತ್ತಡ 100 ಬಾರ್‌ಗೂ (ಸುತ್ತಲಿನ ಗಾಳಿಯ ಒತ್ತಡದ ಸುಮಾರು ನೂರು ಪಟ್ಟಿಗೂ) ಜಾಸ್ತಿ, ಡೀಸೆಲ್ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ.

ಹೊಸ ಪ್ಯಾಕಿಂಗ್ ಹಾಕಿ ಕೂರಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಒತ್ತಿದೆ. ಏಳನೇ ಸಲಕ್ಕೆ ಅದು ಕಲ್ಲಿನಂತೆ ಗಟ್ಟಿಯಾಯಿತು. ಈ ಸಲ ಟ್ಯಾಂಕು ತುಂಬಿಸಲಿಲ್ಲ. ಮುಳ್ಳು ಕಾಲು ಭಾಗಕ್ಕೆ ಇಳಿಯುವವರೆಗೆ ಕಾದು, ಲೋಡು ಹಾಕಿ ಅದೇ ದಿಬ್ಬಕ್ಕೆ ಹೋದೆ. ಮೂರನೇ ಗೇರಿನಲ್ಲೇ ಹತ್ತಿತು. ಮೇಲೆ ನಿಲ್ಲಿಸಿ ಬಾನೆಟ್ ಎತ್ತಿ ರೇಸ್ ಕೊಟ್ಟು ನೋಡಿದೆ. ಪ್ಲಾಸ್ಟಿಕ್ ಪೈಪಿನಲ್ಲಿ ಹೊಂಬಣ್ಣದ ಡೀಸೆಲ್ ಗಾಜಿನಂತೆ ನಿಂತಿತ್ತು. ಆ ಪೈಪು ಇಂಜಿನ್ ಬಿಸಿಗೆ ಬಾಳುವುದಿಲ್ಲ. ಮನೆಗೆ ಬಂದು ಅದನ್ನು ತೆಗೆದು ರಬ್ಬರ್ ಪೈಪು ಹಾಕಿದೆ.