ಬೆಳಗಿನ ಟಿಕ್ ಟಿಕ್ ಮತ್ತು ಎರಡನೇ ಸಿಲಿಂಡರ್

ಮಡಿಕೇರಿಯ ಮಳೆಗಾಲದಲ್ಲಿ ನನ್ನ ಗ್ಯಾರೇಜಿಗೆ ಪದೇ ಪದೇ ಬರುವ ದೂರು ಇದು: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು, ಜೊತೆಗೆ ಮಿಸ್ಸಿಂಗ್ (ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಎಂಜಿನ್ ಜರ್ಕ್ ಹೊಡೆಯುವುದು), ಬಿಸಿಯಾದ ಮೇಲೆ ಎರಡೂ ಮಾಯ. ಅಂಥ ಕಾರನ್ನು ಓಡಿಸಿಕೊಂಡು ಬಂದು ತೋರಿಸಿದರೆ ನನಗೆ ಏನೂ ತಿಳಿಯುವುದಿಲ್ಲ. ಹಿಂದಿನ ಸಂಜೆಯೇ ಬಿಟ್ಟುಹೋಗಿ ಎನ್ನುತ್ತೇನೆ.

ಕಳೆದ ಮಳೆಗಾಲದಲ್ಲಿ ಬಂದ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರಿನ ಮಾಲೀಕರು, "ಟ್ಯಾಪೆಟ್ ಸದ್ದು, ಅದನ್ನು ಸರಿಮಾಡಿಬಿಡಿ" ಎಂದರು. ಟ್ಯಾಪೆಟ್ ಎಂದರೆ ವಾಲ್ವ್ ಒತ್ತುವ ಭಾಗ. ಆಯಿಲ್ ತುಂಬಿಕೊಂಡು ಕೆಲಸ ಮಾಡುವ ಹೈಡ್ರಾಲಿಕ್ ಟ್ಯಾಪೆಟ್‌ನಿಂದ ರಾತ್ರಿ ಆಯಿಲ್ ಇಳಿದಿದ್ದರೆ ಸದ್ದು ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ನಿಲ್ಲುತ್ತದೆ. ಇದು ಅಷ್ಟು ಬೇಗ ನಿಲ್ಲಲಿಲ್ಲ. ಎಂಜಿನ್ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಪ್ಯಾಕಿಂಗ್ ಸೋರಿದರೂ ಹೀಗೇ ಟಿಕ್ ಎನ್ನುತ್ತದೆ, ಲೋಹ ಹಿಗ್ಗಿದ ಮೇಲೆ ಸುಮ್ಮನಾಗುತ್ತದೆ. ಅಲ್ಲಿ ಮಸಿಯ ಗುರುತು ಇರಲಿಲ್ಲ.

ಲಯ ಹಿಡಿದು ಪತ್ತೆ ಮಾಡುವುದೂ ಕಷ್ಟ. ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿದ್ದಾಗ ಒಂದು ವಾಲ್ವ್ ನಿಮಿಷಕ್ಕೆ 400 ಸಲ ತೆರೆಯುತ್ತದೆ. ಪ್ರತಿ ಪ್ಲಗ್‌ಗೂ ಬೇರೆ ಕಾಯಿಲ್ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಭಾಗ) ಇರುವ ಎಂಜಿನ್‌ನಲ್ಲಿ ಒಂದು ಪ್ಲಗ್ ಕಿಡಿ ಕೊಡುವುದೂ 400 ಸಲವೇ. ಕಿವಿಗೆ ಎರಡೂ ಒಂದೇ. ಹಾಗಾಗಿ ಕಾರಿನ ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ: ಪಿ0302, ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಎಂಜಿನ್ ನಿಲ್ಲಿಸಿ, ಆ ಸಿಲಿಂಡರಿನ ಕಾಯಿಲ್ ಮತ್ತು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎರಡರ ಕನೆಕ್ಟರ್ ಕಳಚಿ ಮತ್ತೆ ಸ್ಟಾರ್ಟ್ ಮಾಡಿದೆ. ಇಂಜೆಕ್ಟರನ್ನೂ ಕಳಚಲೇಬೇಕು, ಇಲ್ಲದಿದ್ದರೆ ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಟಿಕ್ ಸದ್ದು ನಿಂತಿತು! ಆದರೆ ಇಂಜೆಕ್ಟರ್ ಕೂಡ ಟಿಕ್ ಎನ್ನುತ್ತದೆ, ಅದರ ಕನೆಕ್ಟರ್ ಕಳಚಿದ್ದರಿಂದಲೂ ನಿಂತಿರಬಹುದಲ್ಲ? ಅದಕ್ಕಾಗಿ ಎರಡನೆಯ ಮತ್ತು ನಾಲ್ಕನೆಯ ಕಾಯಿಲ್‌ಗಳನ್ನು ಅದಲುಬದಲು ಮಾಡಿ ಕಾರನ್ನು ಮರುದಿನದವರೆಗೆ ನಿಲ್ಲಿಸಿದೆ. ಬೆಳಿಗ್ಗೆ ಪಿ0304 (ನಾಲ್ಕನೇ ಸಿಲಿಂಡರಿನ ಮಿಸ್‌ಫೈರ್) ಬಂತು, ಸದ್ದೂ ನಾಲ್ಕನೆಯದರ ಬಳಿಯೇ. ದೋಷ ಕಾಯಿಲ್ ಜೊತೆಗೇ ಹೋಗಿತ್ತು.

ಆ ಕಾಯಿಲ್‌ನ ರಬ್ಬರ್ ಬೂಟ್ (ಪ್ಲಗ್ ಮೇಲೆ ಕೂರುವ ಕವಚ) ಸೀಳಿತ್ತು. ಥಂಡಿಯ ತೇವದಲ್ಲಿ ಕಿಡಿ ಪ್ಲಗ್‌ನ ತುದಿಗೆ ಹೋಗದೆ ಸೀಳಿನಿಂದ ಎಂಜಿನ್ ಹೆಡ್‌ನ ಲೋಹಕ್ಕೆ ಹಾರುತ್ತಿತ್ತು. ಆ ಚಟಪಟವೇ ಟಿಕ್, ಆ ಕಿಡಿ ತಪ್ಪಿದ್ದೇ ಮಿಸ್ಸಿಂಗ್. ಎಂಜಿನ್ ಬಿಸಿಯಾಗಿ ತೇವ ಆರಿದರೆ ಎಲ್ಲವೂ ಸರಿ. ಎರಡನೇ ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್‌ನಿಂದ ಎಳೆದಂತೆ ಕಪ್ಪು ಗೆರೆ ಮೂಡಿತ್ತು. ಬೂಟ್ ಮಾತ್ರ ಬದಲಿಸಿದ್ದರೆ ಕಿಡಿ ಆ ಗೆರೆಯನ್ನೇ ಹಿಡಿದು ಮತ್ತೆ ಹಾರುತ್ತಿತ್ತು, ಆದ್ದರಿಂದ ಪ್ಲಗ್ ಕೂಡ ಹೊಸದು ಹಾಕಿದೆ.

ಬೂಟ್ ಹಾಳಾಗಿದ್ದು ಏಕೆ ಎಂದು ಪ್ಲಗ್ ಕೂರುವ ಗುಂಡಿಗೆ ಟಾರ್ಚ್ ಬಿಟ್ಟೆ. ಅಡಿಯಲ್ಲಿ ಎಂಜಿನ್ ಆಯಿಲ್ ನಿಂತಿತ್ತು. ಅದು ರಬ್ಬರನ್ನು ಮೆತ್ತಗಾಗಿಸಿತ್ತು. ವಾಲ್ವ್ ಕವರ್ ಪ್ಯಾಕಿಂಗ್ ಮತ್ತು ಪ್ಲಗ್ ಗುಂಡಿಯ ಸೀಲ್‌ಗಳನ್ನು ಬದಲಿಸಿದ ಮೇಲೆಯೇ ಕಾರನ್ನು ಹಿಂದಿರುಗಿಸಿದೆ.