ಮೊದಲ ಸಿಂಥ್ ಹುಡುಕುತ್ತಿದ್ದೀರಾ? ಒಂದೇ ಸಾಕು

ಹಾಸನದಲ್ಲಿ ಮನೆಯಲ್ಲೇ ಟ್ಯೂನ್ ಕಟ್ಟುವ ಗೆಳೆಯರಿಗೆ ಒಂದು ಮಾತು. ಲ್ಯಾಪ್‌ಟಾಪ್‌ಗೆ ಸುಮ್ನೆ ಆರೇಳು ಸಾಫ್ಟ್‌ವೇರ್ ಸಿಂಥ್ (ಕಂಪ್ಯೂಟರ್‌ನಲ್ಲೇ ವಾದ್ಯದ ಸದ್ದು ಹುಟ್ಟಿಸುವ ಪ್ರೋಗ್ರಾಂ) ತುಂಬಿಕೊಳ್ಳಬೇಡಿ. ಒಂದನ್ನೇ ಚೆನ್ನಾಗಿ ಕಲಿಯಿರಿ, ಅದಕ್ಕೆ ದುಡ್ಡೂ ಬೇಕಿಲ್ಲ.

ನನ್ನ ಆಯ್ಕೆ ಸರ್ಜ್ ಎಕ್ಸ್‌ಟಿ. ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಸರ್ಜ್‌ನ ಸೋರ್ಸ್ ಕೋಡನ್ನು 2018ರಲ್ಲೇ ಎಲ್ಲರಿಗೂ ತೆರೆದಿಟ್ಟರು. ವೇವ್‌ಟೇಬಲ್, ಎಫ್‌ಎಂ (ಇವೆರಡೂ ಸದ್ದು ಹುಟ್ಟಿಸುವ ವಿಧಾನಗಳು), ಹಳೇ ಅನಲಾಗ್ ಥರದ ಸದ್ದು, ಎಲ್ಲಾ ಒಂದರಲ್ಲೇ ಸಿಗುತ್ತದೆ. ಕಣ್ಣಲ್ಲಿ ನೋಡಿ ಕಲಿಯುವವರಿಗೆ ವೈಟಲ್ ಅನ್ನೋ ಇನ್ನೊಂದು ಸಿಂಥ್ ಸುಲಭ, ಅಲೆ ಬದಲಾಗುವುದು ಸ್ಕ್ರೀನ್ ಮೇಲೇ ಕಾಣುತ್ತದೆ, ಉಚಿತ ಆವೃತ್ತಿಯೇ ಸಾಕು.

ಪ್ರಿಸೆಟ್ (ಮೊದಲೇ ಮಾಡಿಟ್ಟ ಸದ್ದು) ಎಷ್ಟಿದೆ ಅಂತ ಎಣಿಸುವುದಕ್ಕಿಂತ ಗಮಕ ಬರುತ್ತದಾ ನೋಡಿ, ನಮಗೆ ಅದು ಮುಖ್ಯ ಅಲ್ವಾ? ಪಾಲಿ (ಒಟ್ಟಿಗೆ ಹಲವು ಸ್ವರ) ಬದಲು ಮೋನೋ (ಒಂದು ಸಲಕ್ಕೆ ಒಂದೇ ಸ್ವರ) ಇಡಿ, ಪೋರ್ಟಮೆಂಟೊ, ಅಂದರೆ ಸ್ವರ ಜಾರುವ ಸಮಯ, ಸ್ವಲ್ಪ ಏರಿಸಿ, ಒಂದು ಕೀ ಬಿಡದೆ ಇನ್ನೊಂದು ಒತ್ತಿ. ಸ್ವರ ಜಾರಿಕೊಂಡು ಹೋಗುತ್ತದೆ. ಪಿಚ್ ಬೆಂಡ್ (ಸ್ವರವನ್ನು ಮೇಲೆ ಕೆಳಗೆ ಬಾಗಿಸುವ ಚಕ್ರ) ಸಾಮಾನ್ಯವಾಗಿ 2 ಸೆಮಿಟೋನ್, ಅಂದರೆ ಎರಡು ಕೀಯಷ್ಟು ದೂರ, ಇರುತ್ತದೆ, ದೊಡ್ಡ ಜಾರು ಬೇಕಿದ್ದರೆ ಅದನ್ನು ಜಾಸ್ತಿ ಮಾಡಿಕೊಳ್ಳಿ.

ಇನ್ನೊಂದು ವಿಷಯ, ನನಗೆ ತುಂಬಾ ಇಷ್ಟವಾದದ್ದು. ಹೋದ ಮಳೆಗಾಲದಲ್ಲಿ ತಂಬೂರಿ ಜೊತೆ ಮೋಹನ ನುಡಿಸುವಾಗ ಗಾಂಧಾರ ಯಾಕೋ ಕಿವಿಗೆ ಚುಚ್ಚುತ್ತಿತ್ತು. ಕೀಬೋರ್ಡಿನ ಗಾಂಧಾರ ಷಡ್ಜದಿಂದ 400 ಸೆಂಟ್ (100 ಸೆಂಟ್ ಅಂದರೆ ಒಂದು ಸೆಮಿಟೋನ್) ಮೇಲೆ, ತಂಬೂರಿಯ ತಂತಿಯೊಳಗೆ ಕೇಳುವುದು ಸುಮಾರು 386. ಸರ್ಜ್‌ಗೆ ಸ್ಕಾಲಾ ಟ್ಯೂನಿಂಗ್ ಫೈಲ್ (ಸ್ವರಗಳ ಅಂತರ ಬರೆದಿಟ್ಟ ಫೈಲ್) ಹಾಕಿದೆ, ಎರಡೂ ಒಂದಾಗಿ ಕೂತವು. ಆ ಕ್ಷಣ ಮೈ ಜುಮ್ ಅಂದಿತು.

ಹಳೇ ಲ್ಯಾಪ್‌ಟಾಪ್ ಆದರೆ ಆಡಿಯೋ ಸೆಟ್ಟಿಂಗ್‌ನ ಬಫರ್ (ಒಂದು ಸಲಕ್ಕೆ ಕಂಪ್ಯೂಟರ್ ಸಿದ್ಧ ಮಾಡುವ ಸದ್ದಿನ ಸ್ಯಾಂಪಲ್‌ಗಳ ಸಂಖ್ಯೆ) 256ರಲ್ಲಿಟ್ಟು ಶುರು ಮಾಡಿ, ಸದ್ದು ಚಟಪಟ ಅಂದರೆ 512 ಮಾಡಿ.